ಸ್ವಾಮಿಯ ಆ ಕ್ಲಾಸನ್ನು ಮಕ್ಕಳಿಗೆ ತೋರಿಸಬೇಕಾ, ಬೇಡ್ವಾ?

ಹೊಸನಗರ ಟೀಚರ್

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಮತ್ತು ಸಮಾಜ ಪಾಠ ಮಾಡುತ್ತೇನೆ. ಒಂದು ವಿಷಯ ಎರಡು ವಾರದಿಂದ ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಿ ಮೇಷ್ಟ್ರುಗಳೂ ಇದ್ದೀರಿ, ಅಪ್ಪ ಅಮ್ಮಂದಿರೂ ಇದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ಹೇಳಿ.

ಆರ್.ಕೆ. ನಾರಾಯಣ್ ಕಥೆಗಳಿಂದ ಮಾಡಿದ 'ಮಾಲ್ಗುಡಿ ಡೇಸ್' ನನಗೆ ಸುಮ್ನೆ ಒಂದು ಧಾರಾವಾಹಿ ಅಲ್ಲ. 1987ರಲ್ಲಿ ದೂರದರ್ಶನದಲ್ಲಿ ಅದು ಬರುವಾಗ ನಮ್ಮ ಊರಿನಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಒಬ್ಬರು ಹಂಚಿನ ಮಾಡು ಹತ್ತಿ ಆಂಟೆನಾ ತಿರುಗಿಸಬೇಕು, ಒಬ್ಬರು ಕೆಳಗಿನಿಂದ 'ಬಂತು, ಬಂತು' ಅಂತ ಕೂಗಬೇಕು. ಹಿಂದಿ ನಮಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಆ ಮನೆ, ಆ ಜಗುಲಿ, ಆ ಕಂಬ ಎಲ್ಲ ಗೊತ್ತಿತ್ತು. ಆಗುಂಬೆ ಅಲ್ವಾ! ನಮ್ಮ ಬೀದಿಯಲ್ಲಿ ಓಡುವ ಸ್ವಾಮಿ ಅನ್ನುವ ಹುಡುಗ ನಮಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದ. ಆದರೂ ಅವನು ನಮ್ಮವನೇ ಅನ್ನಿಸುತ್ತಿದ್ದ. ಬೇರೆ ಭಾಷೆಯವರ ಮೇಲೆ ನನಗೆ ಮೊದಲು ಪ್ರೀತಿ ಹುಟ್ಟಿದ್ದು ಹಾಗೆ.

ನನ್ನ ತರಗತಿಯಲ್ಲಿ ಈಗ 23 ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡ ಮಾತಾಡುವವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಉಳಿದವರದು ಲಂಬಾಣಿ, ಉರ್ದು, ತುಳು, ಕೊಂಕಣಿ, ಬ್ಯಾರಿ, ಮಲಯಾಳಂ. ಇಬ್ಬರು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಇವರನ್ನೆಲ್ಲ ಒಬ್ಬರಿಗೊಬ್ಬರು ಪರಿಚಯ ಮಾಡಿಸಬೇಕು ಅಂತ ನನಗೆ ಆಸೆ. ನವೆಂಬರ್ ಒಂದಕ್ಕೆ ವೇಷ ಹಾಕಿಸಿ ಸಾಲಾಗಿ ನಿಲ್ಲಿಸಿದರೆ ಅದು ಆಗುವುದಿಲ್ಲ ಅಂತ ನನಗೆ ಅನುಭವದಿಂದ ಗೊತ್ತು.

ಅದಕ್ಕೇ ಮೊದಲು ಅರಸಾಳಿಗೆ ಕರೆದುಕೊಂಡು ಹೋದೆ. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದ ಹಳೆಯ ಕಟ್ಟಡ 2020ರಿಂದ ಮ್ಯೂಸಿಯಂ ಆಗಿದೆ. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ಮತ್ತೆ ರೂಪಿಸಿದ್ದು. ಮಕ್ಕಳು ಕುಣಿದಾಡಿದರು. ಆಮೇಲೆ ಮೂರು ಶನಿವಾರ ಪ್ರೊಜೆಕ್ಟರ್ ಎರವಲು ತಂದು ಸ್ವಾಮಿಯ ಕಂತುಗಳನ್ನು ತೋರಿಸಿದೆ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದೆ.

ಕಥೆಯ ಶುರುವಿನಲ್ಲೇ ಬೈಬಲ್ ಪಾಠದ ಮೇಷ್ಟ್ರು ಬರುತ್ತಾರೆ. ಎಬೆನೇಜರ್. 1930ರ ಕಾಲ, ಮಿಷನ್ ಶಾಲೆ. ಅವರು ಹಿಂದೂ ದೇವರುಗಳನ್ನು ಹೀಯಾಳಿಸುತ್ತಾರೆ. ಸ್ವಾಮಿ ಎದ್ದು ಎದುರು ಪ್ರಶ್ನೆ ಕೇಳುತ್ತಾನೆ, ಕಿವಿ ಹಿಂಡಿಸಿಕೊಳ್ಳುತ್ತಾನೆ. ಅಪ್ಪ ಹೆಡ್‌ಮಾಸ್ಟರಿಗೆ ಕಾಗದ ಬರೆಯುತ್ತಾರೆ.

ಸ್ವಾಮಿ ಪ್ರಶ್ನೆ ಕೇಳಿದಾಗ ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ನಾನೂ ನಗುತ್ತಾ ನಿಂತಿದ್ದೆ. ಆಮೇಲೆ ನೋಡಿದರೆ ಕಿಟಕಿ ಪಕ್ಕದ ಹುಡುಗ ಚಪ್ಪಾಳೆ ಹೊಡೆದಿರಲಿಲ್ಲ. ಅವನ ಅಪ್ಪ ಇಲ್ಲಿಯ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಾರೆ. ಕ್ಲಾಸಿನಲ್ಲಿ ಅವನೊಬ್ಬನೇ ಕ್ರಿಶ್ಚಿಯನ್. ಪ್ರೊಜೆಕ್ಟರ್ ಸುತ್ತಿಡುವಾಗ ಹತ್ತಿರ ಬಂದು ಕೇಳಿದ: 'ಟೀಚರ್, ಆ ಮೇಷ್ಟ್ರು ನಿಜವಾಗಿ ಇದ್ರಾ?'

ಸೋಮವಾರ ಬಿಸಿಯೂಟದ ಸಾಲಿನಲ್ಲಿ ಯಾರೋ ಅವನನ್ನು 'ಏ ಎಬೆನೇಜರ್' ಅಂತ ಕರೆದರು. ಮಂಗಳವಾರ ಎಲ್ಲರೂ ಕರೆದರು.

ಒಬ್ಬರನ್ನೊಬ್ಬರು ಅರಿಯಲಿ ಅಂತ ತೋರಿಸಿದ್ದು ಹೀಗಾಯಿತು. ನನಗೆ ತುಂಬಾ ಸಂಕಟ ಆಗಿದೆ. ಮುಂದಿನ ವರ್ಷ ಆ ಭಾಗ ಬಿಟ್ಟು ತೋರಿಸಲಾ? ಈಗ ಈ ಮಕ್ಕಳ ಜೊತೆ ಏನು ಮಾಡಲಿ?

ಸಾಗರದ ಅಮ್ಮ

ಟೀಚರ್, ನನ್ನ ಮಗಳಿಗೂ ಅದೇ ವಯಸ್ಸು, ಅದಕ್ಕೇ ಹೇಳುತ್ತಿದ್ದೇನೆ. ಬಿಟ್ಟುಬಿಡಿ. ಹನ್ನೆರಡು ವರ್ಷದ ಮಕ್ಕಳಿಗೆ 1930 ಅಂದರೂ ಒಂದೇ, ನಿನ್ನೆ ಅಂದರೂ ಒಂದೇ. ಅವರು ನೋಡುವುದು ಒಬ್ಬ ಕೆಟ್ಟ ಮೇಷ್ಟ್ರು, ಅವರ ಧರ್ಮ ಇಂಥದ್ದು. ಅಷ್ಟೇ ತಲೆಯಲ್ಲಿ ಉಳಿಯುತ್ತದೆ. ಸ್ವಾಮಿಯಲ್ಲಿ ಬೇರೆ ಎಷ್ಟು ಚೆಂದದ ಭಾಗಗಳಿವೆ! ಕ್ರಿಕೆಟ್ ಟೀಮ್ ಕಟ್ಟುವುದು, ಅಜ್ಜಿಯ ಹತ್ತಿರ ಮಲಗಿ ಹರಟುವುದು, ರಾಜಮ್ ಜೊತೆಗಿನ ಸ್ನೇಹ. ಅದನ್ನು ತೋರಿಸಿದರೆ ಸಾಲದಾ? ಆ ಹುಡುಗನ ಮುಖ ನೆನೆಸಿಕೊಂಡರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ತುಂಗಾತೀರ

ನಾನು ಇದನ್ನು ಒಪ್ಪುವುದಿಲ್ಲ. ಆ ಭಾಗ ಲೇಖಕರು ಸುಮ್ನೆ ಕಟ್ಟಿದ್ದಲ್ಲ. ಆರ್.ಕೆ. ನಾರಾಯಣ್ ಮದರಾಸಿನಲ್ಲಿ ಲುಥೆರನ್ ಮಿಷನ್ ಶಾಲೆಯಲ್ಲಿ ಓದಿದವರು. ಅಲ್ಲಿ ಬೈಬಲ್ ಪಾಠದ ಹೊತ್ತಿನಲ್ಲಿ ತಮ್ಮ ದೇವರನ್ನು ಹೀಯಾಳಿಸುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲೂ ಬರೆದಿದ್ದಾರೆ. ಒಂದು ಮಗು ನಿಜವಾಗಿ ಪಟ್ಟ ನೋವು ಅದು. ಒಬ್ಬರಿಗೆ ಬೇಜಾರಾಗುತ್ತದೆ ಅಂತ ಇನ್ನೊಬ್ಬರ ನೋವನ್ನು ಕತ್ತರಿಸಿ ಹಾಕುವುದು ಯಾವ ನ್ಯಾಯ?

ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಬಹುದು. ಸ್ವಾಮಿಯ ಕಥೆ ಇರುವ 'ಸ್ವಾಮಿ ಅಂಡ್ ಫ್ರೆಂಡ್ಸ್' ಪುಸ್ತಕ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೆ ಮೊದಲು ಎಷ್ಟೋ ಪ್ರಕಾಶಕರು ಬೇಡ ಅಂದಿದ್ದರು. ಕೊನೆಗೆ ಅದನ್ನು ಓದಿ, ಮೆಚ್ಚಿ, ಪ್ರಕಾಶಕರ ಹತ್ತಿರ ಹಟ ಹಿಡಿದು ಅಚ್ಚು ಹಾಕಿಸಿದವರು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್. ಅವರು 1926ರಲ್ಲಿ ತಾವೇ ಇಷ್ಟಪಟ್ಟು ಕ್ಯಾಥೊಲಿಕ್ ಆದವರು. ಎಬೆನೇಜರ್ ಇರುವ ಆ ಮೊದಲ ಅಧ್ಯಾಯ ಓದಿಯೂ ಅವರು ಪುಸ್ತಕವನ್ನು ಎದೆಗಪ್ಪಿಕೊಂಡರು. ಅಂದರೆ ಆ ಕಥೆ ಒಂದು ಧರ್ಮದ ಮೇಲೆ ಬೀಸಿದ ಕಲ್ಲಲ್ಲ. ಮಕ್ಕಳಿಗೆ ಇದು ಅರ್ಥವಾಗುವ ಹಾಗೆ ಹೇಳುವ ದಾರಿ ಹುಡುಕಬೇಕು. ಕತ್ತರಿ ಹಿಡಿಯುವುದು ಸುಲಭ.

ಸಾಗರದ ಅಮ್ಮ

ನ್ಯಾಯದ ಮಾತು ಸರಿ ಸರ್. ಆದರೆ ಬಿಸಿಯೂಟದ ಸಾಲಿನಲ್ಲಿ ನಿಲ್ಲುವವನು ಗ್ರಹಾಂ ಗ್ರೀನ್ ಅಲ್ಲ, ಹನ್ನೆರಡು ವರ್ಷದ ಹುಡುಗ.

ಭದ್ರಾವತಿಯವ

ನಾನು ಆ ಹುಡುಗನ ಜಾಗದಲ್ಲಿ ಇದ್ದವನು. ಅದಕ್ಕೇ ಬರೆಯಬೇಕು ಅನ್ನಿಸಿತು.

ನಮ್ಮ ಮುತ್ತಜ್ಜ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಅಂತ ಭದ್ರಾವತಿಗೆ ಬಂದವರು. 1923ರಲ್ಲಿ ಕಾರ್ಖಾನೆ ಶುರುವಾದ ಮೇಲೆ ನಾಲ್ಕೂ ದಿಕ್ಕಿನಿಂದ ಜನ ಬಂದರು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ತಮಿಳು, ತೆಲುಗು, ಮಲಯಾಳಂ, ಉರ್ದು ಎಲ್ಲ ಕೇಳುತ್ತಿತ್ತು. ಯಾರಿಗೂ ಅದು ವಿಶೇಷ ಅನ್ನಿಸುತ್ತಿರಲಿಲ್ಲ. ನೀರಿನ ಸರದಿಗೆ ಜಗಳ ಆಗುತ್ತಿತ್ತು, ಭಾಷೆಗಲ್ಲ.

ಆಮೇಲೆ ಅಪ್ಪನ ಕೆಲಸದ ಮೇಲೆ ಬೇರೆ ಊರಿಗೆ ಹೋದೆವು. ಅಲ್ಲಿನ ಶಾಲೆಯಲ್ಲಿ ನಾನೊಬ್ಬನೇ ಮುಸ್ಲಿಂ ಹುಡುಗ. ಟೀಚರ್ ತುಂಬಾ ಒಳ್ಳೆಯವರು. ನಿಜವಾಗಿ ಒಳ್ಳೆಯವರು, ಇವತ್ತಿಗೂ ಅವರ ಮೇಲೆ ಗೌರವ ಇದೆ. ಪ್ರತಿ ಹಬ್ಬಕ್ಕೂ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. 'ನಿಮ್ಮಲ್ಲಿ ಹೇಗೆ ಮಾಡ್ತಾರಪ್ಪ, ಎಲ್ಲರಿಗೂ ಹೇಳು.' ನನಗೆ ಹತ್ತು ವರ್ಷ. ನನಗೇನು ಗೊತ್ತು? ನಮ್ಮ ಮನೆಯಲ್ಲಿ ಅಮ್ಮ ಏನು ಮಾಡುತ್ತಾಳೆ ಅಷ್ಟು ಗೊತ್ತು. ತಪ್ಪು ಹೇಳಿದರೆ ಇಡೀ ಧರ್ಮದ ಬಗ್ಗೆ ತಪ್ಪು ಹೇಳಿದ ಹಾಗೆ ಅನ್ನಿಸಿ ಗಂಟಲು ಕಟ್ಟುತ್ತಿತ್ತು. ಬಕ್ರೀದ್ ಹಿಂದಿನ ದಿನ ಜ್ವರ ಅಂತ ಸುಳ್ಳು ಹೇಳಿ ರಜೆ ಹಾಕಿದ್ದೂ ಉಂಟು.

ಅದಕ್ಕೇ ಟೀಚರ್, ಕೈ ಮುಗಿದು ಕೇಳುತ್ತೇನೆ. ಈ ತಪ್ಪನ್ನು ಸರಿ ಮಾಡಲು ಅಂತ ಆ ಹುಡುಗನನ್ನು ಎದ್ದು ನಿಲ್ಲಿಸಬೇಡಿ. ಕ್ರಿಶ್ಚಿಯನ್ ಅಂದರೇನು ಅಂತ ಅವನ ಬಾಯಲ್ಲಿ ಹೇಳಿಸಬೇಡಿ. ಅವನು ಆ ಕ್ಲಾಸಿಗೆ ಬರುವುದು ಓದುವುದಕ್ಕೆ. ಬೇರೆಯವರಿಗೆ ಪಾಠ ಆಗುವುದಕ್ಕಲ್ಲ.

ಹೊಸನಗರ ಟೀಚರ್

ಅಣ್ಣಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾಡಿದ್ದು ಅದನ್ನೇ ಮಾಡಬೇಕು ಅಂದುಕೊಂಡಿದ್ದೆ. ಕ್ರಿಸ್ಮಸ್ ಬಗ್ಗೆ ಅವನಿಂದ ಮಾತಾಡಿಸೋಣ ಅಂತ ಒಂದು ಹಾಳೆಯಲ್ಲಿ ಬರೆದೂ ಇಟ್ಟಿದ್ದೆ. ಆ ಹಾಳೆ ಹರಿದು ಹಾಕಿದೆ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಮೂವತ್ತೈದು ವರ್ಷ ಚಾಕ್‌ಪೀಸ್ ಹಿಡಿದವನು ನಾನು. ಇಬ್ಬರ ಮಾತಿನಲ್ಲೂ ಸತ್ಯ ಇದೆ ಮಾರಾಯ್ರೇ. ನನ್ನ ಮಟ್ಟಿಗೆ, ತೋರಿಸಬೇಕಾ ಬೇಡ್ವಾ ಅನ್ನುವುದಕ್ಕಿಂತ ತೋರಿಸಿದ ಮೇಲೆ ನಾವು ಏನು ಕೇಳುತ್ತೇವೆ ಅನ್ನುವುದು ಮುಖ್ಯ.

ಟೀಚರಮ್ಮ, ಮಕ್ಕಳು ಚಪ್ಪಾಳೆ ಹೊಡೆದದ್ದು ಯಾಕೆ ಗೊತ್ತಾ? 'ಯಾರು ಗೆದ್ದರು' ಅಂತ ಅವರು ನೋಡಿದರು. ಟಿವಿ ನೋಡುವಾಗ ಎಲ್ಲರೂ ನೋಡುವುದು ಅದನ್ನೇ. ನೀವು ಕೇಳಬೇಕಾದ್ದು ಬೇರೆ. ಆ ಕೋಣೆಯಲ್ಲಿ ಯಾರ ಕೈಯಲ್ಲಿ ಬೆತ್ತ ಇದೆ? ಯಾರು ದನಿ ಎತ್ತಬಹುದು, ಯಾರು ಎತ್ತಿದರೆ ಪೆಟ್ಟು ಬೀಳುತ್ತದೆ? ಆ ಕಾಲದಲ್ಲಿ ಆಳುವವರು ಬ್ರಿಟಿಷರು, ಶಾಲೆ ಮಿಷನ್ನಿನದು, ಬೆತ್ತ ಎಬೆನೇಜರ್ ಕೈಯಲ್ಲಿ. ಸ್ವಾಮಿ ಚಿಕ್ಕವನು. ಅದಕ್ಕೇ ಅವನ ಪ್ರಶ್ನೆ ಧೈರ್ಯದ್ದು. ಈಗ ಅದೇ ಪ್ರಶ್ನೆಯನ್ನು 22 ಮಕ್ಕಳು ಸೇರಿ ಒಬ್ಬನಿಗೆ ಕೇಳಿದರೆ ಅದು ಧೈರ್ಯವಾ? ಅಲ್ಲಿ ಬೆತ್ತ ಕೈ ಬದಲಾಯಿಸಿದೆ. ಮಾತು ಅದೇ, ಆದರೆ ಹೇಳುವವರು ಎಷ್ಟು ಜನ, ಕೇಳಿಸಿಕೊಳ್ಳುವವರು ಎಷ್ಟು ಜನ ಅನ್ನುವುದರ ಮೇಲೆ ಅರ್ಥವೇ ತಿರುಗಿಬಿಡುತ್ತದೆ. ಇದು ಮಕ್ಕಳಿಗೆ ತಿಳಿಯುತ್ತದೆ. ಆಟದ ಮೈದಾನದಲ್ಲಿ ದಿನಾ ಅನುಭವಿಸುವ ವಿಷಯ ಇದು.

ಹೆಡ್‌ಮಾಸ್ಟರ್ ಸ್ವಾಮಿಗೆ ಹೇಳುವ ಮಾತು ನೆನಪಿದೆಯಾ? ಇಂಥದ್ದೇನಾದರೂ ಆದರೆ ಅಪ್ಪನ ಹತ್ತಿರ ಹೋಗಬಾರದಿತ್ತು, ನನ್ನ ಹತ್ತಿರ ಬರಬೇಕಿತ್ತು ಅನ್ನುತ್ತಾರೆ. ನಾನು ಆ ಮಾತನ್ನು ಹಿಡಿದು ಒಂದು ಇಡೀ ಪೀರಿಯಡ್ ಚರ್ಚೆ ಮಾಡಿಸುತ್ತಿದ್ದೆ. ಅವಮಾನ ಆದ ಮಗು ಯಾರ ಹತ್ತಿರ ಹೋಗಬೇಕು? ಹೆಡ್‌ಮಾಸ್ಟರ್ ಮಾತು ಸರಿಯಾ? ನಿನಗೆ ಹಾಗಾದರೆ ನೀನು ಯಾರಿಗೆ ಹೇಳುತ್ತೀ? ಒಂದು ವರ್ಷ ಒಬ್ಬಳು ಹುಡುಗಿ 'ಯಾರಿಗೂ ಹೇಳಲ್ಲ ಸರ್' ಅಂದಳು. ಆ ಉತ್ತರದಿಂದ ನನಗೆ ಎಷ್ಟೋ ವಿಷಯ ಗೊತ್ತಾಯಿತು.

ಇನ್ನೊಂದು. ಎಬೆನೇಜರ್ ಒಬ್ಬರನ್ನೇ ತೋರಿಸಿ ಬಿಡಬೇಡಿ. ಅದೇ ವಾರ ಕಿಟ್ಟೆಲ್ ನಿಘಂಟನ್ನು ಕ್ಲಾಸಿಗೆ ತನ್ನಿ. ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದವರು ನಮ್ಮ ಭಾಷೆಯ ಸುಮಾರು 70 ಸಾವಿರ ಪದಗಳನ್ನು ಒಟ್ಟು ಮಾಡಿ 1894ರಲ್ಲಿ ಅಚ್ಚು ಹಾಕಿಸಿದರು. ಅವರೂ ಮಿಷನರಿ, ಇವರೂ ಮಿಷನ್ ಶಾಲೆಯ ಮೇಷ್ಟ್ರು. ಒಂದು ಗುಂಪಿನಲ್ಲಿ ಎಲ್ಲ ತರದವರೂ ಇರುತ್ತಾರೆ ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ದಪ್ಪ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ, ಅವರವರ ಮನೆಯ ಪದ ಹುಡುಕಲಿ.

ಮಳೆಕಾಡು

ಮೇಷ್ಟ್ರು ಹೇಳಿದ ಮೇಲೆ ನನ್ನದು ಸಣ್ಣ ಮಾತು. ಆ ಧಾರಾವಾಹಿ ಮಾಡಿದವರನ್ನು ನೋಡಿದರೇ ಒಂದು ಪಾಠ ಇದೆ. ಕಥೆ ಬರೆದವರ ಮನೆಮಾತು ತಮಿಳು. ಬದುಕಿದ್ದು ಮೈಸೂರಿನಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ನಿರ್ದೇಶಕ ಶಂಕರ್ ನಾಗ್ ಕೊಂಕಣಿ ಮನೆಯವರು. ಸ್ವಾಮಿಯ ಅಪ್ಪನಾದ ಗಿರೀಶ್ ಕಾರ್ನಾಡರದೂ ಕೊಂಕಣಿ ಮನೆಯೇ. ಅಮ್ಮ ವೈಶಾಲಿ ಕಾಸರವಳ್ಳಿ. ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ತಮಿಳುನಾಡಿನವರು. ಸ್ವಾಮಿಯಾದ ಮಂಜುನಾಥ್ ಕನ್ನಡದ ಹುಡುಗ. ಮಾತೆಲ್ಲ ಹಿಂದಿ. ಮಳೆ ಮಾತ್ರ ಆಗುಂಬೆಯದು. ಇಷ್ಟೂ ಸೇರಿ ಒಂದು ಊರಾಯಿತು, ಇಡೀ ದೇಶ ಅದನ್ನು ನಮ್ಮೂರು ಅಂದಿತು. ಯಾರೂ ತಮ್ಮ ಭಾಷೆ ಮರೆಯಬೇಕಾಗಲಿಲ್ಲ.

ಅದೇ ಲೇಖಕರ ಇನ್ನೊಂದು ಕಥೆಯೂ ನಿಮ್ಮ ಕ್ಲಾಸಿಗೆ ಬೇಕು ಅನ್ನಿಸುತ್ತದೆ. ಲೀಲಾ ಎಂಬ ಪುಟ್ಟ ಹುಡುಗಿ, ಮನೆಗೆಲಸದ ಸಿದ್ದ. ಸರ ಕಳೆದುಹೋಗುತ್ತದೆ, ಸಿದ್ದನ ಮೇಲೆ ಅನುಮಾನ. ಸರ ಹುಣಸೆಹಣ್ಣಿನ ಪಾತ್ರೆಯಲ್ಲಿ ಸಿಕ್ಕಿದ ಮೇಲೂ ಲೀಲಾಳ ಅಪ್ಪ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಅನ್ನುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲಿ ಹೊರಗಿನಿಂದ ಜನ ಬರುತ್ತಾರಲ್ಲ, ಏನು ಕಾಣೆಯಾದರೂ ಮೊದಲು ಹೋಗುವುದು ಅವರ ಬಿಡಾರಕ್ಕೆ. ನಾನು ಕಣ್ಣಾರೆ ನೋಡಿದ್ದೇನೆ. ಕಳೆದುಹೋದ ಕತ್ತಿ ಆಮೇಲೆ ಅಟ್ಟದಲ್ಲೇ ಸಿಕ್ಕಿತು. ಹೋಗಿ ಕ್ಷಮೆ ಕೇಳಿದವರು ಯಾರೂ ಇಲ್ಲ.

ತುಂಗಾತೀರ

ಮೇಷ್ಟ್ರೇ, ಬೆತ್ತ ಕೈ ಬದಲಾಯಿಸಿದೆ ಅನ್ನುವ ಮಾತು ನನಗೆ ಹೊಳೆದಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಟೀಚರ್, ಹಣಗೆರೆಕಟ್ಟೆಗೂ ಒಮ್ಮೆ ಕರೆದುಕೊಂಡು ಹೋಗಬಹುದಲ್ವಾ? ದರ್ಗಾ ಮತ್ತು ಭೂತರಾಯ ಚೌಡೇಶ್ವರಿ ಒಂದೇ ಸೂರಿನಡಿ ಇರುವ ಜಾಗ. ನಿಮಗೆ ಹೆಚ್ಚು ದೂರವೂ ಇಲ್ಲ.

ಭದ್ರಾವತಿಯವ

ಹೋಗಿ ಟೀಚರ್. ಆದರೆ ಭಾಷಣ ಮಾಡಿಸಲು ಬೇಡ. ನಮ್ಮ ಅಜ್ಜಿ ಅಲ್ಲಿಗೆ ಹರಕೆ ತೀರಿಸಲು ಹೋಗುತ್ತಿದ್ದರು. ಪಕ್ಕದ ಮನೆಯ ಅಮ್ಮನೂ ಅದೇ ಬಸ್ಸಿಗೆ ಹತ್ತುತ್ತಿದ್ದರು. ಇಬ್ಬರೂ ದಾರಿಯುದ್ದಕ್ಕೂ ಮಾತಾಡುತ್ತಿದ್ದದ್ದು ಮಂಡಿನೋವಿನ ಬಗ್ಗೆ. ಮಕ್ಕಳು ಅಲ್ಲಿಯ ಜನರ ಸಾಲಿನಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ಬರಲಿ, ಸಾಕು.

ಹೊಸನಗರ ಟೀಚರ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹಣಗೆರೆಕಟ್ಟೆ ಇನ್ನೂ ಆಗಿಲ್ಲ, ಮಳೆ ಬಿಡಲಿಲ್ಲ. ಉಳಿದದ್ದು ಹೇಳುತ್ತೇನೆ.

ಮೊದಲು ಆ ಅಡ್ಡಹೆಸರಿನ ವಿಷಯ. ಆ ಹುಡುಗ ಬಾರದ ಒಂದು ದಿನ ಉಳಿದ ಮಕ್ಕಳ ಜೊತೆ ನೇರ ಮಾತಾಡಿದೆ. ಬೈಯಲಿಲ್ಲ. ಬೋರ್ಡಿನ ಮೇಲೆ ಎರಡು ಕೋಣೆ ಬರೆದೆ, ಒಂದು ಸ್ವಾಮಿಯ ಕ್ಲಾಸು, ಒಂದು ನಮ್ಮದು. ಬೆತ್ತ ಎಲ್ಲಿದೆ ಅಂತ ಕೇಳಿದೆ. ಸ್ವಾಮಿಯ ಕೋಣೆಯಲ್ಲಿ ತಟ್ಟನೆ ತೋರಿಸಿದರು. ನಮ್ಮ ಕೋಣೆಯಲ್ಲಿ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನವನು 'ನಮ್ಮ ಹತ್ರ ಇದೆ ಟೀಚರ್' ಅಂದ. ಮೊದಲು ಆ ಹೆಸರು ಕರೆದವನು ಅವನೇ ಇರಬೇಕು. ನಾನು ಕೇಳಲಿಲ್ಲ.

ಆ ಹೆಸರು ಪೂರ್ತಿ ನಿಂತಿದೆ ಅಂತ ಹೇಳಲಾರೆ. ಮೊನ್ನೆ ಕಬಡ್ಡಿ ಆಡುವಾಗ ಒಮ್ಮೆ ಕೇಳಿತು.

ಎರಡನೇ ಸಲ ಟಿವಿ ಹಾಕಲಿಲ್ಲ. ಪುಸ್ತಕದಿಂದಲೇ ಆ ಭಾಗವನ್ನು ಕನ್ನಡ ಮಾಡಿ ನಿಧಾನ ಓದಿದೆ. ಯೇಸು ದೇವರಾಗಿದ್ದರೆ ಮಾಂಸ ಮೀನು ಯಾಕೆ ತಿಂದರು, ದ್ರಾಕ್ಷಾರಸ ಯಾಕೆ ಕುಡಿದರು ಅಂತ ಸ್ವಾಮಿ ಕೇಳುತ್ತಾನೆ. ತಾಂಡಾದಿಂದ ಬರುವ ಹುಡುಗಿಯೊಬ್ಬಳು ಕೈ ಎತ್ತಿದಳು. 'ಟೀಚರ್, ಮೀನು ತಿಂದ್ರೆ ದೇವರಲ್ಲ ಅಂತ ಸ್ವಾಮಿ ಯಾಕೆ ಹೇಳ್ತಾನೆ? ನಮ್ಮ ದೇವರಿಗೆ ನಾವು ಕುರಿ ಕೊಡ್ತೀವಲ್ಲ?'

ನಿಜ ಹೇಳುತ್ತೇನೆ, ಇಷ್ಟು ವರ್ಷದಿಂದ ಆ ಕಥೆಯನ್ನು ಪ್ರೀತಿಸುತ್ತಿದ್ದೇನೆ, ಈ ಪ್ರಶ್ನೆ ನನಗೆ ಯಾವತ್ತೂ ಬಂದಿರಲಿಲ್ಲ. ಸ್ವಾಮಿ ಬ್ರಾಹ್ಮಣರ ಮನೆಯ ಹುಡುಗ. ಅವನ ಮನೆಯ ದೇವರು ಹೇಗೋ ಎಲ್ಲ ದೇವರೂ ಹಾಗೇ ಇರಬೇಕು ಅಂತ ಅವನು ಅಂದುಕೊಂಡಿದ್ದ. ಅದರಲ್ಲಿ ಅವನ ತಪ್ಪಿಲ್ಲ, ಅವನು ಮಗು. ಆದರೆ ಚಪ್ಪಾಳೆ ಹೊಡೆದ ನನ್ನ ಮಕ್ಕಳಲ್ಲಿ ಮುಕ್ಕಾಲು ಪಾಲು ಮೀನು ತಿನ್ನುವವರು. ಆ ಪ್ರಶ್ನೆ ಅವರಿಗೂ ತಾಗುವಂಥದ್ದೇ. ಅದು ಹೊಳೆದಾಗ ಕ್ಲಾಸಿನಲ್ಲಿ ಒಂದು ಗದ್ದಲ ಎದ್ದಿತು ನೋಡಿ! ಯಾರ ಮನೆಯಲ್ಲಿ ಏನು ತಿನ್ನುತ್ತಾರೆ, ಯಾವ ದಿನ ತಿನ್ನುವುದಿಲ್ಲ, ಸೋಮವಾರ ಯಾರು, ಶನಿವಾರ ಯಾರು, ಶ್ರಾವಣದಲ್ಲಿ ಯಾರು. ನಾನು ತಡೆಯಲಿಲ್ಲ.

ಆ ಗದ್ದಲದ ನಡುವೆ, ಯಾರೂ ಕೇಳದೆ, ಕಿಟಕಿ ಪಕ್ಕದಿಂದ ಒಂದು ದನಿ ಬಂತು. 'ಈಸ್ಟರ್ ಮುಂಚೆ ಐವತ್ತು ದಿನ ನಮ್ಮನೇಲಿ ಮೀನೂ ಇಲ್ಲ, ಮಾಂಸನೂ ಇಲ್ಲ. ನೋಂಬು ಅಂತೀವಿ.'

ಬ್ಯಾರಿ ಮನೆಯ ಹುಡುಗಿ ಗಕ್ಕನೆ ತಿರುಗಿದಳು. 'ಏ, ನಾವೂ ರಂಜಾನ್ ಉಪವಾಸಕ್ಕೆ ನೋಂಬು ಅಂತಾನೇ ಅನ್ನೋದು!'

ಆಗ ಹುಂಚದ ಕಡೆಯಿಂದ ಬರುವ ಜೈನರ ಹುಡುಗ, ಅವನು ಮಾತಾಡುವುದೇ ಕಡಿಮೆ, ಮೆಲ್ಲಗೆ ಹೇಳಿದ. 'ನಮ್ಮಜ್ಜಿ ನೋಂಪಿ ಅಂತಾರೆ ಟೀಚರ್.'

ಮೇಷ್ಟ್ರೇ, ನೀವು ಹೇಳಿದ ಹಾಗೆ ಕಿಟ್ಟೆಲ್ ನಿಘಂಟು ಬೇಕು ಅನ್ನಿಸಿತು. ನಮ್ಮ ಶಾಲೆಯಲ್ಲಿ ಇಲ್ಲ. ಎಲ್ಲಿ ಸಿಗಬಹುದು?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ನನ್ನ ಹತ್ತಿರ ಇದೆ ತಾಯಿ. ಬಟ್ಟೆ ಸುತ್ತಿ ಇಟ್ಟಿದ್ದೇನೆ. 'ನೋನ್' ಅಂತ ಹಳೆಗನ್ನಡದ ಮಾತು, ವ್ರತ ಹಿಡಿ ಅಂತ ಅರ್ಥ. ನೋಂಪಿ ಬಂದದ್ದು ಅದರಿಂದಲೇ. ನಾನು ಹೇಳಿದ್ದನ್ನು ಮಕ್ಕಳಿಗೆ ಹೇಳಬೇಡಿ, ಅವರೇ ಪುಟ ತಿರುಗಿಸಿ ಹುಡುಕಲಿ. ಶನಿವಾರ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನಿಮ್ಮ ಶಾಲೆಗೆ ಯಾವ ಸ್ಟಾಪಿನಲ್ಲಿ ಇಳಿಯಬೇಕು?

ಸಾಗರದ ಅಮ್ಮ

ಟೀಚರ್, ನಾನು ಬಿಟ್ಟುಬಿಡಿ ಅಂದಿದ್ದೆ. ಸಂಜೆ ಮಗಳ ಜೊತೆ ಕೂತು ಆ ಕಂತು ನೋಡಿದೆ. ಮುಗಿದ ಮೇಲೆ ನಾನು ಏನೂ ಕೇಳದೆ ಸುಮ್ನಿದ್ದೆ. ಅವಳೇ ಕೇಳಿದಳು: 'ಅಮ್ಮಾ, ಆ ಕ್ಲಾಸಲ್ಲಿ ಕ್ರಿಶ್ಚಿಯನ್ ಹುಡುಗರೂ ಇದ್ರಾ? ಅವರು ಆವಾಗ ಏನು ಮಾಡ್ತಿದ್ರು?'